ಬಿಟ್ಟು ಹೋಗಬಲ್ಲವನೇ ನಮ್ಮವನು

ಮಾತನಾಡುವವರು ಇಬ್ಬರು ಹಳೆಯ ಗೆಳೆಯರು. ಒಬ್ಬರಿಗೆ ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯಿದೆ. ಇನ್ನೊಬ್ಬರು ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ನೆಲೆಸಿದವರು. ಎಂಜಿನಿಯರ್ ಕೆಲಸದಿಂದ ನಿವೃತ್ತರಾದ ಮೇಲೆ, ಅಲ್ಲಿಗೆ ಆಶ್ರಯ ಕೋರಿ ಬಂದ ತರುಣರಿಗೆ ಜೊತೆಗಾರರಾಗಿ ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದಾರೆ.

ಪೀಣ್ಯದವರು: ಈ ಸಲವಾದರೂ ಬೇರೆ ಮಾತಾಡೋಣ ಅಂದುಕೊಂಡರೆ ಮತ್ತೆ ಅದೇ ಕಥೆ. ಒಬ್ಬ ಬೇಕರಿಯವನು ಗಾಂಬಿಯಾದ ಹುಡುಗನನ್ನು ಸೇರಿಸಿಕೊಂಡ, ಒಬ್ಬ ಬಡಗಿ ಸಿರಿಯಾದವನಿಗೆ ಕೆಲಸ ಕಲಿಸಿದ. 2015ರ ಒಂದೇ ವರ್ಷದಲ್ಲಿ ನಿಮ್ಮ ಜರ್ಮನಿಗೆ ಆಶ್ರಯ ಕೇಳಿ ಬಂದವರು ಸುಮಾರು 8,90,000 ಮಂದಿ. ಅಷ್ಟು ಜನರ ಸಮಸ್ಯೆಯನ್ನು ಬೇಕರಿಯವರೂ ಬಡಗಿಗಳೂ ಬಗೆಹರಿಸಿದರು ಅಂತ ನಾನು ನಂಬಬೇಕೇ?

ಸ್ಟುಟ್‌ಗಾರ್ಟಿನವರು: ಬಗೆಹರಿಸಿದರು ಅಂತ ನಾನೆಲ್ಲಿ ಹೇಳಿದೆ? ಅವರಿಲ್ಲದೆ ಬಗೆಹರಿಯುತ್ತಿರಲಿಲ್ಲ ಅಂದೆ. ಲೆಕ್ಕ ಬೇಕೆಂದರೆ ಕೊಡುತ್ತೇನೆ. ನ್ಯೂರ್ನ್‌ಬರ್ಗ್‌ನಲ್ಲಿ ಉದ್ಯೋಗ ಸಂಶೋಧನೆಯ ಸರ್ಕಾರಿ ಸಂಸ್ಥೆಯೊಂದಿದೆ. ಅದರ ಪ್ರಕಾರ, 2015ರಲ್ಲಿ ಬಂದವರಲ್ಲಿ 2024ರ ಹೊತ್ತಿಗೆ ನೂರಕ್ಕೆ 64 ಮಂದಿ ಕೆಲಸದಲ್ಲಿದ್ದರು. ಇಡೀ ದೇಶದ ಸರಾಸರಿ 70. ಗಂಡಸರನ್ನಷ್ಟೇ ತೆಗೆದುಕೊಂಡರೆ 76. ಅದು ದೇಶದ ಗಂಡಸರ ಸರಾಸರಿಗಿಂತ ಸ್ವಲ್ಪ ಮೇಲೆಯೇ ಇದೆ.

ಪೀಣ್ಯದವರು: ಹೆಂಗಸರು?

ಸ್ಟುಟ್‌ಗಾರ್ಟಿನವರು: 35. ಅಲ್ಲಿ ದೇಶ ಸೋತಿದೆ. ಶಿಶುವಿಹಾರದಲ್ಲಿ ಜಾಗ ಸಿಗದ ತಾಯಿ ಭಾಷೆಯ ತರಗತಿಗೆ ಹೋಗಲಾರಳು, ಭಾಷೆ ಬಾರದವಳಿಗೆ ಕೆಲಸವಿಲ್ಲ. ಬಾಗಿಲು ತೆರೆದ ಕಸುಬುಗಳೂ ಹೆಚ್ಚಾಗಿ ಗಂಡು ಹುಡುಗರನ್ನೇ ಕರೆದವು. ಸಂಬಳದಲ್ಲೂ ಅಂತರವಿದೆ: ಆ ವರ್ಷ ಬಂದು ಪೂರ್ಣಾವಧಿ ದುಡಿಯುತ್ತಿದ್ದವರ ಮಧ್ಯಮ ಸಂಬಳ 2023ರಲ್ಲಿ ದೇಶದ ಮಧ್ಯಮ ಸಂಬಳದ ಸುಮಾರು ಶೇಕಡ 70 ಇತ್ತು. ಆದ್ದರಿಂದ ನಾನು ಬಾವುಟ ಹಾರಿಸುವುದಕ್ಕೆ ಬಂದಿಲ್ಲ.

ಪೀಣ್ಯದವರು: ಗಂಡಸರ 76ಕ್ಕೂ ನನ್ನ ಬಳಿ ಸುಲಭದ ಉತ್ತರವಿದೆ. ಅಲ್ಲಿ ಕೆಲಸಕ್ಕೆ ಜನ ಇರಲಿಲ್ಲ, ಇವರು ಸಿಕ್ಕಿದರು. ಇದರಲ್ಲಿ ಯಾರ ದೊಡ್ಡತನವೂ ಇಲ್ಲ.

ಸ್ಟುಟ್‌ಗಾರ್ಟಿನವರು: ಜನ ಬೇಕಾಗಿದ್ದುದು ನಿಜ. ಬೇಕರಿ, ಮಾಂಸದಂಗಡಿ, ಬಣ್ಣ ಬಳಿಯುವುದು, ಛಾವಣಿ ಹೊದಿಸುವುದು, ಇಂಥ ಕಸುಬುಗಳಿಗೆ ಅಲ್ಲಿನ ಮಕ್ಕಳು ಸಾಕಷ್ಟು ಬರುತ್ತಿಲ್ಲ. 2022ರಲ್ಲಿ ಫ್ರೈಬುರ್ಗ್ ಸೀಮೆಯ ಮಾಂಸದಂಗಡಿಗಳು ಭಾರತದಿಂದಲೇ ತರುಣರನ್ನು ಕರೆಸಿ ಕಲಿಕೆಗೆ ಹಾಕಿಕೊಂಡವು ಅಂದರೆ ನೋಡು. ಆದರೆ ಕೆಲಸಕ್ಕೆ ಜನ ಬೇಕು, ಜನಕ್ಕೆ ಕೆಲಸ ಬೇಕು ಅಂದ ಮಾತ್ರಕ್ಕೆ ಎರಡೂ ಕೂಡಿಕೊಳ್ಳುವುದಿಲ್ಲ. 2015ರಲ್ಲಿ ಬಂದವರಲ್ಲಿ ಹತ್ತಕ್ಕೆ ಏಳು ಮಂದಿ 30 ವರ್ಷದ ಒಳಗಿನವರು. ಅಪ್ಪ ಅಮ್ಮ ಜೊತೆಯಿಲ್ಲದೆ ಬಂದ ಹದಿನಾರು ಹದಿನೇಳರ ಹುಡುಗರಿದ್ದರು. ಭಾಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ, ಎಷ್ಟು ದಿನ ಇರಬಹುದು ಅನ್ನುವುದೂ ಗೊತ್ತಿಲ್ಲ. ಅಂಥವನನ್ನು ನೀನು ಸೇರಿಸಿಕೊಳ್ಳುತ್ತೀಯಾ?

ಪೀಣ್ಯದವರು: ಸಹಾಯಕನಾಗಿ ಸೇರಿಸಿಕೊಳ್ಳುತ್ತೇನೆ. ನಮ್ಮಲ್ಲಿ ಒಡಿಶಾದಿಂದ, ಬಿಹಾರದಿಂದ, ಅಸ್ಸಾಮಿನಿಂದ ಬರುವವರೂ ಹಾಗೇ ಶುರು ಮಾಡುವುದು. ಕಬ್ಬಿಣ ಹೊರುವುದು, ಚೂರು ಗುಡಿಸುವುದು. ನೋಡುತ್ತಾ ನೋಡುತ್ತಾ ಕಲಿತುಕೊಳ್ಳುತ್ತಾರೆ.

ಸ್ಟುಟ್‌ಗಾರ್ಟಿನವರು: ಎಷ್ಟು ಜನ ಕಲಿತು ಯಂತ್ರದ ಮುಂದೆ ನಿಂತರು?

ಪೀಣ್ಯದವರು: ಕೆಲವರು. ಚುರುಕಾದವರು.

ಸ್ಟುಟ್‌ಗಾರ್ಟಿನವರು: ಉಳಿದವರು ಹತ್ತು ವರ್ಷವಾದರೂ ಗುಡಿಸುತ್ತಲೇ ಇರುತ್ತಾರೆ. ಜರ್ಮನಿಯಲ್ಲೂ ಆ ದಾರಿ ಇದೆ. ಬಹಳ ಜನ ಅದನ್ನೇ ಹಿಡಿದರು. ಆದರೆ ಜೊತೆಗೆ ಇನ್ನೊಂದು ದಾರಿ ಮೊದಲೇ ಸಿದ್ಧವಿತ್ತು. ಮುನ್ನೂರಕ್ಕೂ ಹೆಚ್ಚು ಕಸುಬುಗಳಿಗೆ ಕ್ರಮಬದ್ಧವಾದ ಕಲಿಕೆಯಿದೆ, ಅವಧಿ ಸಾಮಾನ್ಯವಾಗಿ ಮೂರು ಅಥವಾ ಮೂರೂವರೆ ವರ್ಷ. ವಾರದಲ್ಲಿ ಮೂರು ನಾಲ್ಕು ದಿನ ಅಂಗಡಿ ಅಥವಾ ಕಾರ್ಖಾನೆಯಲ್ಲಿ, ಒಂದೆರಡು ದಿನ ಸರ್ಕಾರಿ ವೃತ್ತಿಶಾಲೆಯಲ್ಲಿ. ಲಿಖಿತ ಒಪ್ಪಂದ ಇರಬೇಕು, ಅದು ಕಸುಬುದಾರರ ಅಥವಾ ವಾಣಿಜ್ಯದ ಮಂಡಳಿಯಲ್ಲಿ ನೋಂದಣಿಯಾಗಬೇಕು. ಏನೇನು ಕಲಿಸಬೇಕು ಅನ್ನುವ ಪಟ್ಟಿ ಮಾಲೀಕನದಲ್ಲ, ದೇಶದ್ದು. ಮ್ಯೂನಿಕ್‌ನ ಬಡಗಿ ಕಲಿಸುವುದೂ ಹಳ್ಳಿಯ ಬಡಗಿ ಕಲಿಸುವುದೂ ಒಂದೇ ಪಟ್ಟಿ.

ಪೀಣ್ಯದವರು: ಕಲಿಯುವಾಗ ಸಂಬಳ?

ಸ್ಟುಟ್‌ಗಾರ್ಟಿನವರು: ಇದೆ, ಮತ್ತು ತೊಡಕು ಶುರುವಾಗುವುದೇ ಅಲ್ಲಿ. 2025ರಲ್ಲಿ ಕಲಿಕೆ ಶುರು ಮಾಡಿದವನಿಗೆ ಮೊದಲ ವರ್ಷ ತಿಂಗಳಿಗೆ ಕನಿಷ್ಠ 682 ಯೂರೊ. ಅದೇ ವರ್ಷ ದೇಶದ ಕನಿಷ್ಠ ಕೂಲಿ ಗಂಟೆಗೆ 12.82 ಯೂರೊ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರೆ ತಿಂಗಳಿಗೆ ಎರಡು ಸಾವಿರದ ಮೇಲೆ. ಊರಿನಲ್ಲಿ ತಾಯಿ ಕಾಯುತ್ತಿದ್ದಾಳೆ, ಸಮುದ್ರ ದಾಟಿಸಿದವನ ಸಾಲ ಹೆಗಲ ಮೇಲಿದೆ. ಹುಡುಗ ಯಾವುದನ್ನು ಆರಿಸಿಕೊಳ್ಳುತ್ತಾನೆ ಹೇಳು.

ಪೀಣ್ಯದವರು: ಪೆಟ್ಟಿಗೆ. ನಾನಾದರೂ ಅದನ್ನೇ ಆರಿಸಿಕೊಳ್ಳುತ್ತಿದ್ದೆ.

ಸ್ಟುಟ್‌ಗಾರ್ಟಿನವರು: ಯಾವ ಹುಡುಗನೂ ಒಬ್ಬನೇ ಕೂತು ಯೋಚಿಸಿದರೆ ಅದನ್ನೇ ಆರಿಸಿಕೊಳ್ಳುತ್ತಾನೆ. ಅವನ ಲೆಕ್ಕ ತಪ್ಪಲ್ಲ, ಲೆಕ್ಕದ ಅವಧಿ ಚಿಕ್ಕದು. ಮೂರು ವರ್ಷ ಕಡಿಮೆಯಲ್ಲಿ ಬದುಕಿದರೆ ಮುಂದಿನ ಮೂವತ್ತು ವರ್ಷ ಏನಾಗುತ್ತದೆ ಅನ್ನುವುದನ್ನು ಅವನ ಎದುರು ಕೂತು, ಅವನ ಸಾಲವನ್ನೂ ಸೇರಿಸಿ, ಯಾರಾದರೂ ಲೆಕ್ಕ ಹಾಕಬೇಕು. ಮಾಲೀಕ ಹೇಳಿದರೆ ‘ನಿನಗೆ ಅಗ್ಗದ ಆಳು ಬೇಕು, ಅದಕ್ಕೇ ಹೇಳುತ್ತೀಯ’ ಅನ್ನುತ್ತಾನೆ. ಸರ್ಕಾರಿ ಕಚೇರಿಯವರು ಹೇಳಿದರೆ ಹೆದರುತ್ತಾನೆ. ಅದಕ್ಕೇ ಮೂರನೆಯವನೊಬ್ಬ ಬೇಕು.

ಪೀಣ್ಯದವರು: ಅಂದರೆ ನೀನು. ಆ ಮೂರನೆಯವನು ದಿನವೂ ಮಾಡುವುದಾದರೂ ಏನು? ಒಳ್ಳೆಯ ಮಾತು ಹೇಳುವುದೇ?

ಸ್ಟುಟ್‌ಗಾರ್ಟಿನವರು: ಒಳ್ಳೆಯ ಮಾತಿಗೆ ಸಮಯವೇ ಸಿಗುವುದಿಲ್ಲ. ನಾನು ಜೊತೆಗಿದ್ದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗಾಂಬಿಯಾದವನು; ಲಿಬಿಯಾ, ಇಟಲಿ ದಾಟಿ ಬಂದವನು. ಊರಿನಲ್ಲಿ ಓದಿದ್ದು ಕುರಾನ್ ಶಾಲೆಯಲ್ಲಿ. ಮನೆಗಳಿಗೆ ಬಣ್ಣ ಬಳಿಯುವ ಒಂದು ಸಣ್ಣ ಸಂಸ್ಥೆಯಲ್ಲಿ ಕಲಿಕೆಗೆ ಸೇರಿದ. ಕೈ ಚೊಕ್ಕ, ಗೋಡೆಯ ಅಂಚು ದಾರ ಹಿಡಿದ ಹಾಗೆ. ಆದರೆ ವೃತ್ತಿಶಾಲೆಯ ಪರೀಕ್ಷೆಯಲ್ಲಿ ‘ಇಷ್ಟು ಉದ್ದ, ಇಷ್ಟು ಎತ್ತರದ ಕೋಣೆ, ಎರಡು ಕಿಟಕಿ ಒಂದು ಬಾಗಿಲು ಬಿಟ್ಟು, ಎರಡು ಸಲ ಬಳಿಯಲು ಎಷ್ಟು ಲೀಟರ್ ಬಣ್ಣ ಬೇಕು’ ಅಂತ ಕೇಳಿದರೆ ಸೊನ್ನೆ. ಅದೇ ಲೆಕ್ಕವನ್ನು ಕೋಣೆಯಲ್ಲಿ ನಿಂತು ಬಾಯಲ್ಲಿ ಕೇಳು, ಥಟ್ಟನೆ ಹೇಳುತ್ತಾನೆ. ಅವನನ್ನು ಕೆಡವಿದ್ದು ಗಣಿತವಲ್ಲ, ಪ್ರಶ್ನೆಯ ವಾಕ್ಯ.

ಪೀಣ್ಯದವರು: ಸರ್ಕಾರ ಭಾಷೆ ಕಲಿಸುತ್ತದಲ್ಲ?

ಸ್ಟುಟ್‌ಗಾರ್ಟಿನವರು: ಕಲಿಸುತ್ತದೆ. 2005ರಿಂದಲೂ 600 ಗಂಟೆಯ ಭಾಷಾ ತರಗತಿ ಇದೆ, ಅದರ ಮೇಲೆ ಈಗ 100 ಗಂಟೆ ದೇಶದ ಕಾನೂನು, ರೀತಿ ರಿವಾಜು. ಅಂಗಡಿಗೆ, ಡಾಕ್ಟರ ಬಳಿಗೆ ಹೋಗಿ ಬರುವಷ್ಟು ಭಾಷೆ ಅದರಿಂದ ಬರುತ್ತದೆ. ವೃತ್ತಿಶಾಲೆಯ ಪುಸ್ತಕಕ್ಕೆ ಅದು ಸಾಲದು. ಅದಲ್ಲದೆ ನಮ್ಮ ಸೀಮೆಯಲ್ಲಿ ಇನ್ನೊಂದು ಗೋಳು. ತರಗತಿಯಲ್ಲಿ ಶುದ್ಧ ಜರ್ಮನ್ ಕಲಿತು ಸೈಟಿಗೆ ಹೋದರೆ ಅಲ್ಲಿ ಮೇಸ್ತ್ರಿ ಮಾತಾಡುವುದು ಶ್ವಾಬಿಶ್ ಅನ್ನುವ ಆಡುನುಡಿ. ಹುಡುಗ ಕಲಿತ ಅರ್ಧ ಪದಗಳು ಅಲ್ಲಿ ಕೇಳಿಸುವುದೇ ಇಲ್ಲ. ಅರ್ಥವಾಗದಿದ್ದರೂ ತಲೆಯಾಡಿಸುತ್ತಾನೆ. ಹಿರಿಯರನ್ನು ಎದುರು ಪ್ರಶ್ನೆ ಕೇಳುವುದು ಅವನ ಊರಿನಲ್ಲಿ ಅಗೌರವ. ಮೇಸ್ತ್ರಿಗೆ ಮಾತ್ರ ಇವನು ಸುಳ್ಳು ಹೇಳಿದ ಅನ್ನಿಸುತ್ತದೆ. ನಾನು ಮಾಡಿದ ದೊಡ್ಡ ಕೆಲಸ ಅಂದರೆ ಇವನಿಗೆ ‘ಗೊತ್ತಾಗಲಿಲ್ಲ ಅನ್ನು, ಅದು ಇಲ್ಲಿ ಮರ್ಯಾದೆ’ ಅಂತ ಹೇಳಿದ್ದು, ಮೇಸ್ತ್ರಿಗೆ ‘ಇವನು ತಲೆಯಾಡಿಸಿದರೆ ನಂಬಬೇಡ, ಮಾಡಿ ತೋರಿಸು ಅನ್ನು’ ಅಂತ ಹೇಳಿದ್ದು.

ಪೀಣ್ಯದವರು: ಇದು ನನಗೆ ಗೊತ್ತಿರುವ ತಲೆಯಾಡಿಸುವಿಕೆ! ನಮ್ಮ ಶೆಡ್ಡಿನಲ್ಲೂ ಇದೆ.

ಸ್ಟುಟ್‌ಗಾರ್ಟಿನವರು: ಉಳಿದದ್ದೆಲ್ಲ ಚಿಲ್ಲರೆ ಕೆಲಸ, ಆದರೆ ಹುಡುಗರು ಮುಗ್ಗರಿಸುವುದೇ ಚಿಲ್ಲರೆಯಲ್ಲಿ. ಜ್ವರ ಬಂದರೆ ಬೆಳಗ್ಗೆ ಕೆಲಸ ಶುರುವಾಗುವ ಮೊದಲೇ ಫೋನ್ ಮಾಡಬೇಕು, ಡಾಕ್ಟರ ಚೀಟಿ ಮಾಡಿಸಬೇಕು. ಸುಮ್ಮನೆ ಮಲಗಿದರೆ ಎರಡನೆಯ ಸಲಕ್ಕೆ ಎಚ್ಚರಿಕೆ ಪತ್ರ. ಸರ್ಕಾರಿ ಕಚೇರಿಯಿಂದ ಬಂದ ಲಕೋಟೆಯನ್ನು ಹೆದರಿ ಒಡೆಯದೆ ಇಟ್ಟರೆ ಅರ್ಜಿಯ ಗಡುವು ಮುಗಿದು ಹೋಗುತ್ತದೆ. 2017, 2018ರಲ್ಲಿ ರಂಜಾನ್ ಬಂದದ್ದು ಜೂನ್ ಆಸುಪಾಸಿನಲ್ಲಿ. ಅಲ್ಲಿ ಆಗ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ನೀರು ಕುಡಿಯದೆ ಏಣಿಯ ಮೇಲೆ ನಿಂತವನ ಬಗ್ಗೆ ಮಾಲೀಕನಿಗೆ ಭಯ. ಕೂತು ಮಾತಾಡಿದೆವು: ಆ ತಿಂಗಳು ಬೇಗ ಶುರು ಮಾಡಿ ಬೇಗ ಮುಗಿಸುವುದು, ಏಣಿಯ ಕೆಲಸ ಬೆಳಗ್ಗೆಯೇ ಮಾಡುವುದು. ಅಷ್ಟರಲ್ಲೇ ಮುಗಿಯಿತು. ಮಾತಾಡದಿದ್ದರೆ ಅದೇ ವಿಷಯ ಧರ್ಮದ ಜಗಳವಾಗುತ್ತಿತ್ತು.

ಪೀಣ್ಯದವರು: ನಿನ್ನಂಥ ಒಬ್ಬ ಸಿಕ್ಕಿದ ಹುಡುಗ ಪುಣ್ಯವಂತ. ಸಿಗದವರು?

ಸ್ಟುಟ್‌ಗಾರ್ಟಿನವರು: ಪುಣ್ಯಕ್ಕೆ ಬಿಟ್ಟರೆ ಆಗುವುದಿಲ್ಲ ಅಂತಲೇ ಏರ್ಪಾಡುಗಳಾದವು. ನಿವೃತ್ತ ತಜ್ಞರ ಸಂಸ್ಥೆಯೊಂದು ‘ವೇರಾ’ ಅನ್ನುವ ಯೋಜನೆ ನಡೆಸುತ್ತದೆ. ಕಲಿಕೆ ನಡುವೆ ಬಿಡುವ ಅಪಾಯದಲ್ಲಿರುವ ಯಾವ ಹುಡುಗನಾದರೂ ಕೇಳಬಹುದು, ಒಬ್ಬ ನಿವೃತ್ತರನ್ನು ಜೊತೆ ಮಾಡುತ್ತಾರೆ. ಇದು ನಿರಾಶ್ರಿತರಿಗಾಗಿ ಹುಟ್ಟಿದ್ದಲ್ಲ. 2015ಕ್ಕೂ ಮುಂಚಿನಿಂದಲೇ ಜರ್ಮನ್ ಮಕ್ಕಳಿಗಾಗಿ ಇತ್ತು. ಅಲ್ಲಿನ ಕಲಿಕೆಯ ಒಪ್ಪಂದಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ನಡುವೆಯೇ ಮುರಿಯುತ್ತವೆ, ಆ ಊರಿನಲ್ಲೇ ಹುಟ್ಟಿದವರದ್ದೂ ಸೇರಿ. 2016ರಿಂದ ಮಂಡಳಿಗಳಲ್ಲಿ ಸಣ್ಣ ಉದ್ದಿಮೆಗಳಿಗೆ ಸಲಹೆ ಕೊಡುವ ಜನರನ್ನು ನೇಮಿಸಿದರು. ಯಾವ ಅರ್ಜಿ, ಯಾವ ಅನುಮತಿ, ಮೊದಲ ಕೆಲವು ತಿಂಗಳು ಪರೀಕ್ಷಾರ್ಥವಾಗಿ ಹೇಗೆ ಇಟ್ಟುಕೊಳ್ಳಬಹುದು, ಇದನ್ನೆಲ್ಲ ಅವರು ಹೇಳಿಕೊಡುತ್ತಾರೆ. ಐದು ಜನರ ಅಂಗಡಿಗೆ ವಕೀಲನನ್ನು ಇಟ್ಟುಕೊಳ್ಳಲು ಆಗುತ್ತದೆಯೇ?

ಪೀಣ್ಯದವರು: ಈ ಜೊತೆಗಾರಿಕೆಯಿಂದ ನಿಜವಾಗಿ ಉಪಯೋಗ ಉಂಟೋ, ಇಲ್ಲ ನಿವೃತ್ತರಿಗೆ ಹೊತ್ತು ಹೋಗುವುದಕ್ಕೋ?

ಸ್ಟುಟ್‌ಗಾರ್ಟಿನವರು: ಒಳ್ಳೆಯ ಪ್ರಶ್ನೆ. ಜರ್ಮನಿಯಲ್ಲೇ ಒಂದು ಕಟ್ಟುನಿಟ್ಟಿನ ಅಧ್ಯಯನ ಆಗಿದೆ. ‘ರಾಕ್ ಯುವರ್ ಲೈಫ್’ ಅನ್ನುವ ಸಂಘಟನೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಶಾಲೆಯ ಕೊನೆಯ ವರ್ಷಗಳ ಮಕ್ಕಳಿಗೆ ಒಬ್ಬರಿಗೊಬ್ಬರಂತೆ ಜೊತೆಯಾಗುತ್ತಾರೆ. ಚೀಟಿ ಎತ್ತಿದ ಹಾಗೆ ಕೆಲವರಿಗೆ ಜೊತೆಗಾರರನ್ನು ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿ ನೋಡಿದರು. ಮನೆಯಲ್ಲಿ ಆಸರೆಯಿಲ್ಲದ ಬಡ ಮಕ್ಕಳಿಗೆ ಗಣಿತದ ಅಂಕದಲ್ಲಿ, ತಾಳ್ಮೆಯಲ್ಲಿ, ಕೆಲಸದ ಬಗೆಗಿನ ತಿಳಿವಳಿಕೆಯಲ್ಲಿ ಚೆನ್ನಾಗಿ ಲಾಭವಾಗಿತ್ತು. ಅನುಕೂಲಸ್ಥರ ಮಕ್ಕಳಿಗೆ ಲಾಭ ಕಾಣಲಿಲ್ಲ. ಅಂದರೆ ಜೊತೆಗಾರ ಮಾಡುವುದು ಹೊಸದೇನೂ ಅಲ್ಲ. ಬೇರೆ ಮಕ್ಕಳಿಗೆ ಅಪ್ಪ, ಚಿಕ್ಕಪ್ಪ, ಅಪ್ಪನ ಸ್ನೇಹಿತರು ಊಟದ ಹೊತ್ತಿನಲ್ಲಿ ಸುಮ್ಮನೆ ಹೇಳಿಬಿಡುವುದನ್ನು ಇವನಿಗೆ ಒಬ್ಬ ಹೊರಗಿನವನು ಹೇಳುತ್ತಾನೆ.

ಪೀಣ್ಯದವರು: ಸರಿ, ಜೊತೆಗಾರನ ಮಾತು ಒಪ್ಪಿದೆ. ಈಗ ನನ್ನಂಥವನ ಕಷ್ಟ ಕೇಳು. ಮೂರು ವರ್ಷ ಹಣ ಸುರಿದು ಕಲಿಸುತ್ತೇನೆ. ಮೊದಲ ವರ್ಷ ಅವನು ಕೆಡಿಸುವುದೇ ಹೆಚ್ಚು. ಎರಡನೆಯ ವರ್ಷದ ನಡುವೆ ಪೊಲೀಸರು ಬಂದು ‘ನಿನ್ನ ಅರ್ಜಿ ತಿರಸ್ಕಾರವಾಯಿತು, ವಿಮಾನ ಹತ್ತು’ ಅಂದರೆ?

ಸ್ಟುಟ್‌ಗಾರ್ಟಿನವರು: ಹಾಗೆ ಆಗಿದೆ. ಗಾಂಬಿಯಾದವರಲ್ಲಿ ಬಹಳಷ್ಟು ಮಂದಿಗೆ ಆಶ್ರಯ ಸಿಗಲಿಲ್ಲ. ಕೈಯಲ್ಲಿದ್ದದ್ದು ‘ಸದ್ಯಕ್ಕೆ ಹೊರಹಾಕುವುದಿಲ್ಲ’ ಅನ್ನುವ ಒಂದು ಕಾಗದ, ಅದನ್ನು ಕೆಲವು ತಿಂಗಳಿಗೊಮ್ಮೆ ನವೀಕರಿಸಬೇಕು. ಅಂಥ ಕಾಗದ ನೋಡಿ ಯಾವ ಮಾಲೀಕ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕುತ್ತಾನೆ? ಅದಕ್ಕೇ 2016ರ ಆಗಸ್ಟ್‌ನಲ್ಲಿ ಹೊಸ ಕಾನೂನು ತಂದರು. ಜನ ಅದನ್ನು ‘ಮೂರು ಕೂಡಿಸು ಎರಡು’ ಅನ್ನುತ್ತಾರೆ. ಕಲಿಕೆಯ ಮೂರು ವರ್ಷ ಕಳಿಸುವುದಿಲ್ಲ. ಮುಗಿಸಿ ಅದೇ ಕಸುಬಿನಲ್ಲಿ ಕೆಲಸ ಹಿಡಿದರೆ ಇನ್ನೆರಡು ವರ್ಷವೂ ಕಳಿಸುವುದಿಲ್ಲ. ಹುಡುಗನಿಗೆ ಉಸಿರು, ಮಾಲೀಕನಿಗೆ ಭರವಸೆ. ಆದರೂ ಗುರುತಿನ ಪತ್ರ ತಾ, ಪಾಸ್‌ಪೋರ್ಟ್ ತರಿಸು ಅಂತ ಒಂದೊಂದು ಜಿಲ್ಲೆಯ ಕಚೇರಿ ಒಂದೊಂದು ಥರ. ಕಾನೂನು ಒಂದೇ, ಮೇಜು ಬೇರೆ ಬೇರೆ.

ಪೀಣ್ಯದವರು: ಆ ಕಷ್ಟ ನಮಗೇನೂ ಹೊಸದಲ್ಲ.

ಸ್ಟುಟ್‌ಗಾರ್ಟಿನವರು: ಆಗ ಆದದ್ದು ಮಾತ್ರ ಹೊಸದು. ಮಾಲೀಕರೇ ಬೀದಿಗೆ ಬಂದರು. 2018ರಲ್ಲಿ ನಾನಿರುವ ರಾಜ್ಯದಲ್ಲಿ, ಬೆಟ್ಟ ಹತ್ತುವವರ ಉಡುಪು ತಯಾರಿಸುವ ಫೌಡೆ ಕಂಪನಿಯ ಆಂಟ್ಯೆ ಫಾನ್ ಡೆವಿಟ್ಸ್ ಮತ್ತು ಬಿಯರ್ ತಯಾರಕ ಗಾಟ್‌ಫ್ರೀಡ್ ಹೇರ್ಲೆ ಸೇರಿ ಉದ್ಯಮಿಗಳ ಒಂದು ಕೂಟ ಕಟ್ಟಿದರು. ‘ಕೆಲಸ ಮಾಡುತ್ತಿರುವವರನ್ನು ಇರಲು ಬಿಡಿ’ ಅನ್ನುವುದೊಂದೇ ಬೇಡಿಕೆ. ನೂರಕ್ಕೂ ಹೆಚ್ಚು ಕಂಪನಿಗಳು ಸೇರಿದವು. ಅಲ್ಲಿಯವರೆಗೆ ನಿರಾಶ್ರಿತರ ಪರ ಮಾತಾಡುತ್ತಿದ್ದವರು ಚರ್ಚಿನವರು, ವಿದ್ಯಾರ್ಥಿಗಳು. ಈಗ ತೆರಿಗೆ ಕಟ್ಟುವ, ಸಂಪ್ರದಾಯವಾದಿ ಪಕ್ಷಕ್ಕೆ ವೋಟು ಹಾಕುವ ಹಳ್ಳಿಯ ಬಣ್ಣದ ಮೇಸ್ತ್ರಿ ‘ನನ್ನ ಹುಡುಗನನ್ನು ಮುಟ್ಟಬೇಡಿ’ ಅಂತ ಶಾಸಕನಿಗೆ ಫೋನು ಮಾಡಿದ. ಶಾಸಕ ಅದನ್ನು ಕೇಳಲೇಬೇಕಾಯಿತು.

ಪೀಣ್ಯದವರು: ನಿನಗೆ ಅದು ಪ್ರೀತಿಯಾಗಿ ಕಂಡಿತು. ನನಗೆ ವ್ಯಾಪಾರವಾಗಿ ಕಾಣುತ್ತದೆ. ಮಾಲೀಕನಿಗೆ ಆಳು ಹೋಗಬಾರದು, ಅಷ್ಟೆ. 2020ರ ಮೇ ತಿಂಗಳು ನೆನಪಿದೆಯೇ? ಲಾಕ್‌ಡೌನ್‌ನಲ್ಲಿ ಕೆಲಸವಿಲ್ಲದೆ ಕೂತ ಹೊರರಾಜ್ಯದವರು ಊರಿಗೆ ಹೋಗುತ್ತೇವೆ ಅಂದರು. ಬಿಲ್ಡರ್‌ಗಳು ಮುಖ್ಯಮಂತ್ರಿಗಳನ್ನು ಕಂಡು ಮಾತಾಡಿದ ಮೇಲೆ ನಮ್ಮ ಸರ್ಕಾರ ರೈಲುಗಳನ್ನೇ ರದ್ದು ಮಾಡಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ಬಿಟ್ಟಿತು. ಆ ಬಿಲ್ಡರ್‌ಗಳೂ ಹೇಳಿದ್ದು ಅದೇ ತಾನೆ: ನಮ್ಮ ಹುಡುಗರನ್ನು ಕಳಿಸಬೇಡಿ.

ಸ್ಟುಟ್‌ಗಾರ್ಟಿನವರು: ಒಂದೇ ಮಾತು, ಹೌದು. ಮಾಲೀಕನ ಸ್ವಾರ್ಥ ಎರಡೂ ಕಡೆ ಒಂದೇ. ಆದರೆ ಒಂದು ಕಡೆ ಹುಡುಗ ಇರಬೇಕು ಅನ್ನುತ್ತಿದ್ದ, ಇನ್ನೊಂದು ಕಡೆ ಹೋಗಬೇಕು ಅನ್ನುತ್ತಿದ್ದ. ಅವನ ಇಚ್ಛೆಯ ಜೊತೆಗೆ ನಿಂತ ಸ್ವಾರ್ಥ ಬೇರೆ, ಅದಕ್ಕೆ ಅಡ್ಡ ನಿಂತ ಸ್ವಾರ್ಥ ಬೇರೆ.

ಪೀಣ್ಯದವರು: ಆ ಹಳ್ಳಿಯ ಮೇಸ್ತ್ರಿಯ ಹುಡುಗ ನಾಳೆ ‘ಪಕ್ಕದೂರಿನವನು ಹೆಚ್ಚು ಕೊಡುತ್ತಾನೆ, ಹೋಗುತ್ತೇನೆ’ ಅಂದರೆ? ಆಗ ಇವನೂ ಬಿಲ್ಡರೇ ಆಗುತ್ತಾನೆ. ‘ನಿನ್ನ ಕಾಗದ ನನ್ನಿಂದ’ ಅನ್ನುತ್ತಾನೆ.

ಸ್ಟುಟ್‌ಗಾರ್ಟಿನವರು: ಈ ವ್ಯವಸ್ಥೆಯ ನಿಜವಾದ ಅಪಾಯವನ್ನೇ ಹೇಳಿದೆ. ಇರುವ ಹಕ್ಕು ಒಬ್ಬ ಮಾಲೀಕನ ಸಹಿಗೆ ಅಂಟಿಕೊಂಡಿದ್ದರೆ ಹುಡುಗ ಬಯ್ಗುಳ ತಿಂದೂ ಸುಮ್ಮನಿರುತ್ತಾನೆ. ಒಪ್ಪಂದ ಮುರಿದರೆ ಬೇರೆ ಕಡೆ ಕಲಿಕೆ ಹುಡುಕಿಕೊಳ್ಳಲು ಕಾನೂನು ಕಾಲಾವಕಾಶ ಕೊಡುತ್ತದೆ, ನಿಜ. ಆದರೆ ಹಾಗೆ ಹುಡುಕಬಹುದು ಅಂತ ಅವನಿಗೆ ಯಾರು ಹೇಳಬೇಕು? ಮಾಲೀಕನಲ್ಲದ, ಕಚೇರಿಯೂ ಅಲ್ಲದ ಆ ಮೂರನೆಯವನೇ. ಅನ್ನ ಕೊಡುವವನು, ಮನೆ ಕೊಡುವವನು, ಬುದ್ಧಿ ಹೇಳುವವನು, ಮೂವರೂ ಒಬ್ಬನೇ ಆದರೆ ಅದು ಆಸರೆಯಲ್ಲ, ಪಂಜರ. ನಮ್ಮ ನಾಡಿನಲ್ಲೇ ಇದರ ಹಳೆಯ ಉದಾಹರಣೆ ಇದೆ, ಅದಕ್ಕೂ ನಾನಿರುವ ಸೀಮೆಗೂ ನಂಟಿದೆ.

ಪೀಣ್ಯದವರು: ಬಾಸೆಲ್ ಮಿಷನ್ ಹೇಳುತ್ತೀಯಾ?

ಸ್ಟುಟ್‌ಗಾರ್ಟಿನವರು: ಅದೇ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನ ಪಾದ್ರಿಗಳಲ್ಲಿ ಬಹುಪಾಲು ಮಂದಿ ನಮ್ಮ ವುರ್ಟೆಂಬರ್ಗ್ ಕಡೆಯವರು. ಕ್ರೈಸ್ತರಾದವರು ಊರು ಬಿಟ್ಟು ಬಂದವರಲ್ಲದಿದ್ದರೂ ಜಾತಿಯಿಂದ, ಕುಲಕಸುಬಿನಿಂದ ಹೊರಬಿದ್ದರು. ಇದ್ದ ಊರಿನಲ್ಲೇ ಪರದೇಶಿಗಳಾದರು. ಅವರಿಗೆ ಅನ್ನದ ದಾರಿ ಬೇಕು ಅಂತ ಮಿಷನ್ ಮುದ್ರಣಾಲಯ ತೆರೆಯಿತು, ನೇಯ್ಗೆ ಶುರು ಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿತು. ಕೆಲಸ ಕಲಿಸಿದರು, ಓದಿಸಿದರು, ಸಂಬಳ ಕೊಟ್ಟರು. ಆ ಕಾಲಕ್ಕೆ ದೊಡ್ಡ ಕೆಲಸ. ಆದರೆ ಮಾಲೀಕನೂ ಅವನೇ, ಭಾನುವಾರದ ಪಾದ್ರಿಯೂ ಅವನೇ. ಕೆಲಸದಲ್ಲಿ ಮುನಿಸಿಕೊಂಡವನು ಹೋಗುವುದೆಲ್ಲಿಗೆ? ಆಮೇಲೆ ಊರಿನವರೂ ಹೆಂಚಿನ ಕಾರ್ಖಾನೆಗಳನ್ನು ತೆರೆದರು. ಮಣ್ಣು ತುಳಿಯಲು, ಭಟ್ಟಿ ಹಾಕಲು ಬಲ್ಲವನಿಗೆ ಎರಡನೆಯ ಬಾಗಿಲೊಂದು ಕಂಡದ್ದು ಆಗ. ಅವನ ಕೈಯ ವಿದ್ಯೆ ಅವನದಾದದ್ದೂ ಆಗಲೇ.

ಪೀಣ್ಯದವರು: ನೀನು ಹೇಳುವುದು ವಿಚಿತ್ರವಾಗಿದೆ. ಹೊರಗಿನವನು ನಮ್ಮಲ್ಲಿ ಬೆರೆತ ಅನ್ನುವುದಕ್ಕೆ ಗುರುತು ಅವನು ನಮ್ಮನ್ನು ಬಿಟ್ಟು ಹೋಗಬಲ್ಲ ಅನ್ನುವುದೇ?

ಸ್ಟುಟ್‌ಗಾರ್ಟಿನವರು: ಅದೇ ಗುರುತು. ಹೋಗಲಾರದೆ ಇರುವವನು ಆಳು. ಹೋಗಬಲ್ಲವನಾಗಿಯೂ ಇರುವವನು ಊರಿನವನು. ಮೂರು ವರ್ಷ ಮುಗಿದು ಪರೀಕ್ಷೆ ಪಾಸಾದವನಿಗೆ ಕೊಡುವ ಪತ್ರದಲ್ಲಿ ಮಾಲೀಕನ ದಯೆಯ ಮಾತಿಲ್ಲ. ಅದು ದೇಶದ ಯಾವ ಮೂಲೆಯಲ್ಲೂ ನಡೆಯುತ್ತದೆ. ಅದಿಟ್ಟುಕೊಂಡು ಮುಂದೆ ಓದಿ ಅವನೇ ಮೇಸ್ತ್ರಿಯ ಪದವಿ ಪಡೆದು ಅಂಗಡಿ ತೆರೆಯಬಹುದು.

ಪೀಣ್ಯದವರು: ಮಾತು ಚೆಂದ. ಆದರೆ ನಾನು ಕಲಿಸಿದವನನ್ನು ಪಕ್ಕದ ಶೆಡ್ಡಿನವನು ಎರಡು ಸಾವಿರ ಹೆಚ್ಚು ಕೊಟ್ಟು ಎಳೆದುಕೊಳ್ಳುತ್ತಾನೆ. ಹೀಗಾಗಿದೆ, ಒಂದಲ್ಲ ಹಲವು ಸಲ. ಅದಕ್ಕೇ ಪೀಣ್ಯದಲ್ಲಿ ಯಾರೂ ಪೂರ್ತಿ ಕಲಿಸುವುದಿಲ್ಲ. ಅರ್ಧ ಕಲಿಸಿ, ಅರ್ಧ ಮುಚ್ಚಿಡುತ್ತಾರೆ.

ಸ್ಟುಟ್‌ಗಾರ್ಟಿನವರು: ನಿನಗೆ ಪೂರ್ತಿ ಕಲಿಸಿದವರು ಯಾರು?

ಪೀಣ್ಯದವರು: ಗೊತ್ತಿದ್ದೂ ಕೇಳುತ್ತೀಯ. ಆಡುಗೋಡಿ. ಮೈಕೋ.

ಸ್ಟುಟ್‌ಗಾರ್ಟಿನವರು: ಸ್ಟುಟ್‌ಗಾರ್ಟ್‌ನ ಬಾಷ್ 1951ರಲ್ಲಿ ಈ ದೇಶದಲ್ಲಿ ಶುರು ಮಾಡಿದ ಕಂಪನಿ. 1960ರ ದಶಕದಿಂದಲೇ ಅಲ್ಲಿ ಜರ್ಮನ್ ಪದ್ಧತಿಯ ಕಲಿಕಾ ಕೇಂದ್ರ ಇತ್ತು. ನಾವಿಬ್ಬರೂ ಅಲ್ಲಿ ಅರದಿಂದ ಉಕ್ಕಿನ ತುಂಡು ಉಜ್ಜಿ ಉಜ್ಜಿ ಕೈ ಬೊಬ್ಬೆ ಬರಿಸಿಕೊಂಡವರು. ನೀನು ಕೆಲವು ವರ್ಷ ದುಡಿದು ಬಿಟ್ಟು ಬಂದು ಈ ಶೆಡ್ಡು ಹಾಕಿದೆ. ಪೀಣ್ಯದಲ್ಲಿ ನಿನ್ನ ಹಾಗೆ ಮೈಕೋ, ಎಚ್‌ಎಂಟಿ, ಬಿಇಎಲ್, ಐಟಿಐನಲ್ಲಿ ಕಲಿತು ಬಿಟ್ಟು ಬಂದು ಮಾಲೀಕರಾದವರು ಎಷ್ಟಿಲ್ಲ? ಆ ಕಾರ್ಖಾನೆಗಳು ‘ಕಲಿತು ಹೋಗಿಬಿಡುತ್ತಾರೆ’ ಅಂತ ಅರ್ಧ ಮುಚ್ಚಿಟ್ಟಿದ್ದರೆ ಪೀಣ್ಯ ಹೀಗಿರುತ್ತಿತ್ತೇ?

ಪೀಣ್ಯದವರು: ಅವು ದೊಡ್ಡ ಕಾರ್ಖಾನೆಗಳು. ನಾಲ್ಕು ಜನ ಹೋದರೆ ಅವಕ್ಕೆ ಗೊತ್ತೇ ಆಗುವುದಿಲ್ಲ. ನನ್ನಲ್ಲಿ ಒಬ್ಬ ಹೋದರೆ ಒಂದು ಯಂತ್ರ ನಿಲ್ಲುತ್ತದೆ.

ಸ್ಟುಟ್‌ಗಾರ್ಟಿನವರು: ಆ ನಷ್ಟ ನಿಜ, ಸಣ್ಣವನು ಅದನ್ನು ಒಬ್ಬನೇ ಹೊರಲಾರ. ಜರ್ಮನಿಯ ಸಣ್ಣ ಬಡಗಿಗೂ ಒಬ್ಬನೇ ಹೊರಲು ಆಗುತ್ತಿರಲಿಲ್ಲ. ಅಲ್ಲಿ ಪ್ರತಿಯೊಬ್ಬ ಕಸುಬುದಾರನೂ ಮಂಡಳಿಗೆ ಚಂದಾ ಕಟ್ಟಲೇಬೇಕು, ಕಲಿಸುವವನೂ ಕಲಿಸದವನೂ. ಪರೀಕ್ಷೆ ನಡೆಸುವುದು ಮಂಡಳಿ. ಪರೀಕ್ಷಕರ ಸಮಿತಿಯಲ್ಲಿ ಮಾಲೀಕರ ಪರವಾಗಿ ಒಬ್ಬರು, ಕೆಲಸಗಾರರ ಪರವಾಗಿ ಒಬ್ಬರು, ವೃತ್ತಿಶಾಲೆಯ ಮೇಷ್ಟ್ರು ಒಬ್ಬರು. ಹಾಗಾಗಿ ಪತ್ರಕ್ಕೆ ಬೆಲೆ. ನಿನ್ನ ಹುಡುಗ ಹೋದರೆ ಪಕ್ಕದವನು ಕಲಿಸಿದವನು ನಿನಗೆ ಸಿಗುತ್ತಾನೆ. ಎಲ್ಲರೂ ಕಲಿಸಿದರೆ ಎಳೆದುಕೊಳ್ಳುವುದು ಕಳ್ಳತನ ಅಲ್ಲ, ಸಂತೆ.

ಪೀಣ್ಯದವರು: ನಮ್ಮಲ್ಲೂ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2016ರಿಂದ ಕೇಂದ್ರ ಸರ್ಕಾರ ಅಪ್ರೆಂಟಿಸ್‌ಗಳ ಭತ್ಯೆಯಲ್ಲಿ ಪಾಲು ಕೊಡುವ ಯೋಜನೆಯೂ ಇದೆ. ಪೇಪರಿನಲ್ಲಿ ಹುಡುಗ ಟರ್ನರ್, ಶೆಡ್ಡಿನಲ್ಲಿ ಟೀ ತರುವವನು. ಸರ್ಟಿಫಿಕೇಟ್ ತಂದು ತೋರಿಸಿದರೂ ನಾನು ಮೊದಲು ಕೇಳುವುದು ‘ಮೈಕ್ರೋಮೀಟರ್ ಹಿಡಿ ನೋಡೋಣ’ ಅಂತ.

ಸ್ಟುಟ್‌ಗಾರ್ಟಿನವರು: ಯಾಕೆಂದರೆ ಆ ಪರೀಕ್ಷೆಯ ಮೇಜಿನ ಹಿಂದೆ ನೀನು ಕೂತಿರಲಿಲ್ಲ. ಕೂತಿದ್ದರೆ ನಂಬುತ್ತಿದ್ದೆ. ದೆಹಲಿಯ ಕಾಯ್ದೆಗೆ ಕಾಯುವ ಮೊದಲು ನಿನ್ನ ಬೀದಿಯ ಹತ್ತು ಶೆಡ್ಡುಗಳು ಸೇರಿ ಮಾಡಬಹುದಾದದ್ದು ಇದು: ಒಂದು ಪಟ್ಟಿ, ಒಂದು ಪರೀಕ್ಷೆ, ಇನ್ನೊಬ್ಬರ ಹುಡುಗನನ್ನು ಪರೀಕ್ಷಿಸುವ ಮಾಲೀಕರು.

ಪೀಣ್ಯದವರು: ಭಾಷೆ? ಒಡಿಶಾದವನಿಗೆ ಕನ್ನಡ ಬಾರದು, ನನ್ನ ಮೇಸ್ತ್ರಿಗೆ ಹಿಂದಿ ಬಾರದು. ಬೀದಿಯಲ್ಲಿ ಅದೇ ಒಂದು ಜಗಳ ಈಗ.

ಸ್ಟುಟ್‌ಗಾರ್ಟಿನವರು: ನಿನ್ನ ಶೆಡ್ಡಿನಲ್ಲಿ ಅವನು ಕಲಿತಿರುವ ಕನ್ನಡ ಎಂಥದು ಗಮನಿಸಿದ್ದೀಯಾ? ಬಾ, ಹೋಗು, ಹಿಡಿ, ಎತ್ತು, ನಿಲ್ಲಿಸು. ಆಜ್ಞೆ ಕೇಳಿಸಿಕೊಳ್ಳುವ ಕನ್ನಡ. ‘ಯಾಕೆ?’, ‘ನನಗೆ ಗೊತ್ತಾಗಲಿಲ್ಲ’, ‘ಇದು ಸರಿಯಿಲ್ಲ’, ‘ನನ್ನ ಓಟಿ ಬಂದಿಲ್ಲ’, ಇವು ಬರುವುದಿಲ್ಲ. ಪ್ರಶ್ನೆ ಕೇಳುವ ಕನ್ನಡ ಬಂದ ದಿನ ಅವನಿಗೆ ಭಾಷೆ ಬಂತು ಅಂತ ಅರ್ಥ, ಕಸುಬೂ ಬಂತು ಅಂತ ಅರ್ಥ. ರಾಯಚೂರು, ಕಲಬುರಗಿಯಿಂದ ಬಂದ ಹುಡುಗನಿಗೆ ಕನ್ನಡ ಬರುತ್ತದೆ, ಆದರೂ ಅವನೂ ಇಲ್ಲಿ ಕೇಳುವುದಿಲ್ಲ. ಬಾಡಿಗೆ ಒಪ್ಪಂದ, ಇಎಸ್‌ಐ, ಪಿಎಫ್, ಇವನ್ನು ಅವನಿಗೂ ಯಾರೂ ಹೇಳಿಲ್ಲ. ಅವನಿಗೂ ಆ ಮೂರನೆಯವನು ಬೇಕು.

ಪೀಣ್ಯದವರು: ಪ್ರಶ್ನೆ ಕೇಳುವ ಹುಡುಗರನ್ನು ತಯಾರು ಮಾಡಿ ನನ್ನ ತಲೆಗೆ ಕಟ್ಟುತ್ತೀಯ.

ಸ್ಟುಟ್‌ಗಾರ್ಟಿನವರು: ಕೆಟ್ಟ ಬಿಡಿಭಾಗ ಗಿರಾಕಿಯಿಂದ ವಾಪಸ್ ಬರುವ ಮೊದಲೇ ‘ಇದು ಸರಿಯಿಲ್ಲ’ ಅನ್ನುವವನು ನಿನಗೆ ಬೇಡವೇ?

ಪೀಣ್ಯದವರು: ಅಲ್ಲಿ ನನ್ನನ್ನು ಹಿಡಿದೆ. ಆಯಿತು, ಲೆಕ್ಕವಾಗಿ ಹೇಳು. ನಾನೇನು ಮಾಡಬೇಕು, ನೀನೇನು ಮಾಡುತ್ತೀಯ?

ಸ್ಟುಟ್‌ಗಾರ್ಟಿನವರು: ನೀನು ಮೂವರು ಹುಡುಗರನ್ನು ತೆಗೆದುಕೋ. ಕಂಟ್ರಾಕ್ಟರ್ ಮೂಲಕ ಬೇಡ, ನೇರವಾಗಿ, ಲಿಖಿತವಾಗಿ. ಯಾವ ತಿಂಗಳಿಗೆ ಯಾವ ಯಂತ್ರ ಅನ್ನುವ ಪಟ್ಟಿ ಗೋಡೆಯ ಮೇಲಿರಲಿ. ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು ಹುಡುಗನ ಬಳಿಯೇ ಇರಲಿ, ನಿನ್ನ ಬೀರುವಿನಲ್ಲಿ ಬೇಡ. ಇರುವ ಕೋಣೆಯ ಬಾಗಿಲಿನ ಬೀಗ ನಿನ್ನ ಕೈಯಲ್ಲಿರಬಾರದು. ಪರೀಕ್ಷೆಗೆ ಪಕ್ಕದ ಶೆಡ್ಡಿನವರನ್ನು ಕರೆ.

ಪೀಣ್ಯದವರು: ಎಳೆದುಕೊಂಡು ಹೋಗುವವನನ್ನೇ ಪರೀಕ್ಷಕನಾಗಿ ಕರೆಯಬೇಕೇ?

ಸ್ಟುಟ್‌ಗಾರ್ಟಿನವರು: ಅವನೇ ಸರಿಯಾದ ಪರೀಕ್ಷಕ. ಕೆಲಸ ಬಾರದವನನ್ನು ಅವನು ಪಾಸು ಮಾಡುವುದಿಲ್ಲ. ಒಂದು ಸಲ ಪರೀಕ್ಷಕನಾಗಿ ಕೂತವನಿಗೆ ತಾನೂ ಇಬ್ಬರನ್ನು ಕಲಿಸಬೇಕು ಅನ್ನುವ ನಾಚಿಕೆ ಹುಟ್ಟುತ್ತದೆ.

ಪೀಣ್ಯದವರು: ನಾಚಿಕೆಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಸಂಘದ ಸಭೆಯಲ್ಲಿ ಮಂಡಿಸುತ್ತೇನೆ. ನಗುವವರು ನಗಲಿ. ಮೂರನೆಯವನನ್ನು ನೀನು ಹುಡುಕು. ರಿಟೈರ್ ಆದ ಹೈಸ್ಕೂಲು ಮೇಷ್ಟ್ರಾದರೂ ಸರಿ, ಎಚ್‌ಎಂಟಿಯ ಹಳೆಯ ಫೋರ್‌ಮನ್ ಆದರೂ ಸರಿ. ನನ್ನ ನೆಂಟ ಆಗಿರಬಾರದು, ನನ್ನಿಂದ ಸಂಬಳ ತೆಗೆದುಕೊಳ್ಳಬಾರದು.

ಸ್ಟುಟ್‌ಗಾರ್ಟಿನವರು: ಒಪ್ಪಿದೆ. ಆ ಮೂವರಲ್ಲಿ ಒಬ್ಬಳಾದರೂ ಹುಡುಗಿ ಇರಲಿ. ಜರ್ಮನಿಯ 35ನ್ನು ಇಲ್ಲಿಯೂ ಬರೆಯಬೇಕಾಗಿಲ್ಲ.

ಪೀಣ್ಯದವರು: ಶೌಚಾಲಯ ಕಟ್ಟಿಸಬೇಕಾಗುತ್ತದೆ. ಕಟ್ಟಿಸುತ್ತೇನೆ. ಆದರೆ ನನ್ನದೂ ಒಂದು ಷರತ್ತು. ಕಲಿತವನು ‘ಸಾರ್, ಹೋಗುತ್ತೇನೆ’ ಅಂದ ದಿನ ನಾನು ಬಾಯಿಗೆ ಬಂದ ಹಾಗೆ ಬೈಯುತ್ತೇನೆ. ಅದಕ್ಕೆ ನೀನು ಅಡ್ಡ ಬರಬಾರದು.

ಸ್ಟುಟ್‌ಗಾರ್ಟಿನವರು: ಬೈಯಿ, ಧಾರಾಳವಾಗಿ ಬೈಯಿ. ಸರ್ಟಿಫಿಕೇಟ್ ಕೈಗೆ ಕೊಟ್ಟ ಮೇಲೆ ಬೈಯಿ.